ಗೊಂಬೆ ಮೆಟ್ಟಿಲಿಗೆ ಬೆಸುಗೆ

ಡೆಟ್ರಾಯಿಟ್ ಸುತ್ತಮುತ್ತಲ ನೋವೈ, ಟ್ರಾಯ್, ಕ್ಯಾಂಟನ್‌ಗಳಲ್ಲಿ ಕನ್ನಡಿಗರಿಗೂ ಬರವಿಲ್ಲ, ಅವರಲ್ಲಿ ಕಾರು ಕಂಪನಿಗೆ ದುಡಿಯುವ ಎಂಜಿನಿಯರುಗಳಿಗೂ ಬರವಿಲ್ಲ. ಒಂದು ಕಾರಿನ ಬಾಡಿಯಲ್ಲಿ ಸಾವಿರಾರು ಸ್ಪಾಟ್ ವೆಲ್ಡ್ ಇರುತ್ತವೆ. ಹಾಕುವುದು ಬಹುಪಾಲು ರೋಬೋಗಳು. ಎಲ್ಲೆಲ್ಲಿ ಹಾಕಬೇಕೆಂದು ಕಂಪ್ಯೂಟರಿನಲ್ಲಿ ಚುಕ್ಕೆ ಇಟ್ಟು ಕೊಡುವ ನಮ್ಮ ರಾಯರಿಗೆ, ತಲೆ ನರೆಯುವ ಹೊತ್ತಿಗೆ, ತಾವೇ ಒಂದು ಚುಕ್ಕೆ ಬೆಸೆಯಬೇಕೆಂಬ ಆಸೆ ಹುಟ್ಟಿತು. "ಓದದೆ ಹೋದ್ರೆ ವೆಲ್ಡಿಂಗ್ ಶಾಪಿಗೆ ಸೇರಿಸ್ತೀನಿ ನೋಡು" ಎಂದು ಮೈಸೂರಿನಲ್ಲಿ ಅವರನ್ನು ಹೆದರಿಸಿ ಓದಿಸಿದ ಅಮ್ಮ, ಆರು ತಿಂಗಳಿಗೆಂದು ಬಂದು ಇಳಿದರೆ, ಮಗರಾಯ ಡಾಲರು ಸುರಿದು ಅದೇ ಶಾಪನ್ನು ಗ್ಯಾರೇಜಿನಲ್ಲಿ ತೆರೆದು ಕೂತಿದ್ದಾನೆ.

"ಅಲ್ವೋ, ಇದಕ್ಕೆ ಅಷ್ಟೊಂದು ಫೀಸು ಕಟ್ಟಬೇಕಿತ್ತಾ?"

ರಾಯರು ಕೊಂಡದ್ದು ಫ್ಲಕ್ಸ್ ಕೋರ್ ಯಂತ್ರ. ಗ್ಯಾಸ್ ಸಿಲಿಂಡರಿನ ಗೋಜಿಲ್ಲ. ತಂತಿಯ ಹೊಟ್ಟೆಯೊಳಗಿನ ಫ್ಲಕ್ಸ್ ಉರಿದು, ಕರಗಿದ ಕಬ್ಬಿಣಕ್ಕೆ ಗಾಳಿ ಸೋಕದಂತೆ ಕಾಯುತ್ತದೆ; ಆರಿದ ಮೇಲೆ ಸ್ಲ್ಯಾಗ್ ಕುಟ್ಟಿ ಉದುರಿಸಿದರಾಯಿತು. ಅಮೆರಿಕದ ಮಾಮೂಲಿ 120 ವೋಲ್ಟಿನ ಪ್ಲಗ್ಗಿಗೇ ಓಡುತ್ತದೆ. ತೊಂದರೆಯೆಂದರೆ, ಅದೇ ಲೈನಿನಲ್ಲಿ ಫ್ರೀಜರೂ ಇದೆ. ಅದರ ತುಂಬ ಹಿತಕಿದ ಅವರೆಕಾಳು, ತೆಂಗಿನ ತುರಿ. ರಾಯರು ಆಂಪ್ಸ್ ಏರಿಸಿದರೆ ಬ್ರೇಕರ್ ಬೀಳುತ್ತದೆ, ಬ್ರೇಕರ್ ಬಿದ್ದರೆ ಒಳಗಿನಿಂದ ದನಿ ಏಳುತ್ತದೆ: "ರೀ, ನೀವು ಕಬ್ಬಿಣ ಕರಗಿಸ್ತಿದೀರೋ, ಅವರೆಕಾಳೋ?"

ಅಮ್ಮನ ಆತಂಕ ಕಣ್ಣಿನದು. ಬೆಸುಗೆಯ ಬೆಳಕು ನೋಡಬಾರದೆಂದು ಊರಲ್ಲಿ ಎಲ್ಲ ತಾಯಂದಿರೂ ಹೇಳುವುದು ಸುಳ್ಳಲ್ಲ. ಆರ್ಕಿನ ನೇರಳಾತೀತ ಕಿರಣ ಕಾರ್ನಿಯಾವನ್ನು ಸುಡುತ್ತದೆ. ಆಗ ಏನೂ ಗೊತ್ತಾಗದು, ಕೆಲವು ಗಂಟೆ ಕಳೆದ ಮೇಲೆ ಕಣ್ಣಿಗೆ ಮರಳು ಬಿದ್ದಂತೆ ಚುಚ್ಚತೊಡಗುತ್ತದೆ. ಅದಕ್ಕೇ ಕಿಡಿ ಹತ್ತಿದ ಕ್ಷಣದಲ್ಲೇ ತಾನಾಗಿ ಕಪ್ಪಾಗುವ ಗಾಜಿನ ಹೆಲ್ಮೆಟ್ ಬಂತು. ಬಟ್ಟೆಯ ವಿಷಯದಲ್ಲಿ ಮಗಳು ಗದರಿದಳು: "ಅಪ್ಪಾ, ಆ ಪಾಲಿಯೆಸ್ಟರ್ ಟೀ ಶರ್ಟ್ ತೆಗಿ. ಕಿಡಿ ಬಿದ್ರೆ ಕರಗಿ ಮೈಗೆ ಅಂಟ್ಕೊಳ್ಳತ್ತೆ." ಅದು ಕನ್ನಡ ಕೂಟದ ರಾಜ್ಯೋತ್ಸವದ ಟೀ ಶರ್ಟ್. ನಾಡಪ್ರೇಮವನ್ನು ಮೊಳೆಗೆ ನೇತುಹಾಕಿ ರಾಯರು ದಪ್ಪ ಹತ್ತಿ ಅಂಗಿ ತೊಟ್ಟರು.

ಇಷ್ಟಾದ ಮೇಲೆ ಬೆಸೆಯಲು ಏನಾದರೂ ಬೇಕಲ್ಲ. ಮನೆಯೆಲ್ಲ ಹುಡುಕಿದರು.

ಅಮ್ಮ ಮೊದಲು ತಂದದ್ದು ಕಿವಿ ಮುರಿದ ಕುಕ್ಕರ್. ಅದು ಅಲ್ಯೂಮಿನಿಯಂ, ಕಬ್ಬಿಣದ ತಂತಿಗೆ ಅದು ಜಪ್ಪಯ್ಯ ಅಂದರೂ ಕೂಡುವುದಿಲ್ಲ. ಆಮೇಲೆ ಬಿರುಕು ಬಿಟ್ಟ ದೋಸೆ ಕಾವಲಿ. ಅದು ಬೀಡು ಕಬ್ಬಿಣ, ಇಂಗಾಲ ಜಾಸ್ತಿ. ಮೊದಲೇ ಕಾಯಿಸಿ, ನಿಕಲ್ ರಾಡಿನಲ್ಲಿ ಬೆಸೆದು, ಬಾಣಂತಿಗೆ ಹೊದಿಸುವಷ್ಟು ಜೋಪಾನವಾಗಿ ಹೊದಿಸಿ ನಿಧಾನಕ್ಕೆ ಆರಿಸಬೇಕು. ಇಲ್ಲದಿದ್ದರೆ ಪಕ್ಕದಲ್ಲೇ ಇನ್ನೊಂದು ಬಿರುಕು. ಇಡ್ಲಿ ಸ್ಟ್ಯಾಂಡು ತೆಳು ಸ್ಟೀಲು, ತಂತಿ ತಾಗಿಸಿದರೆ ತೂತು. ಕೊನೆಗೆ ಕಾಲು ಅಲ್ಲಾಡುವ ಹಿತ್ತಾಳೆ ದೀಪದ ಕಂಬ. ಹಿತ್ತಾಳೆಯಲ್ಲಿ ಸತುವಿದೆ, 907 ಡಿಗ್ರಿಗೇ ಅದು ಕುದಿದು ಹೊಗೆಯಾಗುತ್ತದೆ, ಕುಡಿದವನಿಗೆ ರಾತ್ರಿ ಚಳಿಜ್ವರ. ಕನ್ನಡದ ಮನೆಯೊಂದರಲ್ಲಿ ಹಿತ್ತಾಳೆ, ತಾಮ್ರ, ಬೆಳ್ಳಿ, ಪಂಚಲೋಹ ಎಲ್ಲ ಇವೆ. ಹೊಸಬ ಬೆಸೆಯಬಲ್ಲ ಏಕೈಕ ಲೋಹ, ಬಡ ಮೈಲ್ಡ್ ಸ್ಟೀಲು, ಒಂದು ಚೂರೂ ಇಲ್ಲ!

"ಹಾಗಾದ್ರೆ ನಿನ್ನ ಮಷೀನು ಯಾವ ಲೋಹಕ್ಕೋ ಆಗೋದು?"

"ಅಂಗಡಿಯಿಂದ ಹೊಸದಾಗಿ ತಂದಿದ್ದಕ್ಕೆ, ಅಮ್ಮಾ."

ಕೆಲಸಕ್ಕೆ ಕಾರಣ ಹುಡುಕಿಕೊಟ್ಟದ್ದು ನವರಾತ್ರಿ. ಪಟ್ಟದ ಗೊಂಬೆಗಳು ಮೈಸೂರಿನಿಂದ ಅಮ್ಮನ ಸೂಟ್‌ಕೇಸಿನಲ್ಲಿ ಬಂದಿದ್ದವು. ಮೆಟ್ಟಿಲು ಬೇಕಿತ್ತು, ಅದೂ ಬೆಸಸಂಖ್ಯೆಯಲ್ಲಿ. ರಾಯರು ಸತುವಿನ ಲೇಪವಿಲ್ಲದ ಚೌಕ ಪೈಪೇ ಬೇಕೆಂದು ಹುಡುಕಿ ತಂದು, ಮೂಲೆ ಮೂಲೆಗೆ ಟ್ಯಾಕ್ ಹಾಕಿ, ಕರ್ಣ ಅಳೆದು, ಪೂರ್ತಿ ಬೆಸೆದರು. ಕಾದ ಬೆಸುಗೆ ಆರುವಾಗ ಕುಗ್ಗುತ್ತದೆ, ಕುಗ್ಗಿದ ಕಡೆಗೆ ಪೈಪನ್ನೂ ಎಳೆದುಕೊಳ್ಳುತ್ತದೆ. ಸ್ಟ್ಯಾಂಡು ಎದ್ದು ನಿಂತಾಗ ಮೂರು ಕಾಲು ನೆಲದ ಮೇಲಿದ್ದವು, ನಾಲ್ಕನೆಯದು ಸ್ವತಂತ್ರ. ಅಮ್ಮ ಬೆಸುಗೆಯ ಸಾಲಿನ ಮೇಲೆ ಬೆರಳಾಡಿಸಿ, "ಇದೇನೋ, ಕಾಗೆ ಹಿಕ್ಕೆ ಹಾಕಿದ ಹಾಗಿದೆ" ಎಂದರು. ರಾಯರು ಗ್ರೈಂಡರ್ ಹಿಡಿದು ಸಂಜೆಯೆಲ್ಲ ಉಜ್ಜಿ, ಕಪ್ಪು ಬಣ್ಣ ಬಳಿದರು. ಎದ್ದ ಕಾಲಿಗೆ ರಟ್ಟು ಮಡಚಿ ಇಟ್ಟರು.

ಅದರ ಮೇಲೆ ಅಮ್ಮ ಅಡಿಯಿಂದ ಮುಡಿಯವರೆಗೆ ಬಿಳಿ ಪಂಚೆ ಹಾಸಿಬಿಟ್ಟರು.

ಅರಿಶಿನ ಕುಂಕುಮಕ್ಕೆ ಬಂದವರು ರಾಜ ರಾಣಿಯನ್ನು ಹೊಗಳಿದರು, ಶೆಟ್ಟರ ಅಂಗಡಿಯ ಪುಟ್ಟ ತಕ್ಕಡಿಯನ್ನು ಹೊಗಳಿದರು. ರಾಯರು ಆಗಾಗ ಪಂಚೆಯ ಅಂಚು ಎತ್ತಿ, "ಈ ಜಾಯಿಂಟ್ ನೋಡಿ" ಎನ್ನುವರು, ಹೆಂಡತಿ ಇಳಿಸುವರು. ಯಾರೂ ಬಗ್ಗಲಿಲ್ಲ. ಕಡೆಗೆ ಚೇಸಿಸ್ ವಿಭಾಗದ ಒಬ್ಬರು ಕೋಸಂಬರಿಯ ಬಟ್ಟಲು ಹಿಡಿದೇ ಮಂಡಿಯೂರಿ, "ಎಷ್ಟು ಆಂಪ್ಸಿನಲ್ಲಿ ಹೊಡೆದ್ರಿ?" ಎಂದು ಕೇಳಿದರು. ಇಬ್ಬರೂ ಗ್ಯಾರೇಜು ಸೇರಿ ಬಾಗಿಲು ಹಾಕಿಕೊಂಡು ಗಂಟೆಯಾದರೂ ಹೊರಬರಲಿಲ್ಲ. ಅವರ ಹೆಂಡತಿ ಕುಂಕುಮ ತೆಗೆದುಕೊಳ್ಳುತ್ತ ರಾಯರ ಮಡದಿಗೆ ಮೆಲ್ಲಗೆ ಹೇಳಿದರು: "ನಿಮ್ಮನೇಲಿ ಈ ಮಷೀನಿದೆ ಅಂತ ಒಂದು ಮಾತು ಮೊದಲೇ ಹೇಳಬಾರದಾಗಿತ್ತೇನ್ರೀ? ನಾನೊಬ್ಬಳೇ ಬರ್ತಿದ್ದೆ."