ಪಿಸ್ತೂಲು ಮೀಮಾಂಸೆ, ಅಥವಾ ಎರಡೂವರೆ ಮಿಲಿಮೀಟರ್ ಭೇದವಿಚಾರ

ಅಮೆರಿಕದ ಪಿಸ್ತೂಲು ಪಂಡಿತರಲ್ಲಿ ಮಠಗಳು ಎರಡು. ಆತ್ಮರಕ್ಷಣೆಗೆ 9 ಮಿ.ಮೀ. ಗುಂಡು ಧಾರಾಳವಾಯಿತೆನ್ನುವುದು ಒಂದು; .45 ಅಂಗುಲದ ಗುಂಡಿಲ್ಲದವನಿಗೆ ಸದ್ಗತಿಯಿಲ್ಲವೆನ್ನುವುದು ಇನ್ನೊಂದು. ಎರಡರ ವ್ಯಾಸಕ್ಕೂ ಇರುವ ಅಂತರ ಸುಮಾರು ಎರಡೂವರೆ ಮಿಲಿಮೀಟರ್. ನಾಮ ‘ಯು’ ಆಕಾರವೋ ‘ವೈ’ ಆಕಾರವೋ ಎಂದು ಕೋರ್ಟು ಹತ್ತಿದವರೂ ಇವರ ಮುಂದೆ ಸೌಮ್ಯರೇ.

ಮೊದಲು ಪೂರ್ವಪಕ್ಷ. ಫಿಲಿಪ್ಪೀನ್ಸ್‌ನ ಮೋರೋ ಯೋಧರು .38 ಗುಂಡು ತಿಂದೂ ಮೈಮೇಲೆ ಬರುತ್ತಾರೆಂಬ ದೂರು ಕೇಳಿ ಕೇಳಿ, ಅಮೆರಿಕದ ಸೈನ್ಯವು 1904ರಲ್ಲಿ ಥಾಂಪ್ಸನ್ ಮತ್ತು ಲಗಾರ್ಡ್ ಎಂಬ ಅಧಿಕಾರಿಗಳಿಗೆ ಪರೀಕ್ಷೆ ಒಪ್ಪಿಸಿತು. ಅವರು ಷಿಕಾಗೋದ ಕಸಾಯಿಖಾನೆಯಲ್ಲಿ ದನಗಳಿಗೆ ಗುಂಡು ಹೊಡೆದರು. ಮನುಷ್ಯರ ಶವಗಳನ್ನು ನೇತುಹಾಕಿ, ಗುಂಡು ಬಿದ್ದಾಗ ಯಾವುದು ಎಷ್ಟು ತೂಗಾಡಿತೆಂದು ಬರೆದುಕೊಂಡರು. ಗುಂಡಿಗೆ ಜಗ್ಗದ ಕೆಲವು ದನಗಳನ್ನು ಕಡೆಗೆ ಸುತ್ತಿಗೆಯಿಂದ ಹೊಡೆದು ಕೊಲ್ಲಬೇಕಾಯಿತು. ತರ್ಕದ ಪ್ರಕಾರ ಸುತ್ತಿಗೆಯೇ ಶ್ರೇಷ್ಠವೆಂದು ಸಿದ್ಧವಾಗಬೇಕಿತ್ತು, ವರದಿ ಮಾತ್ರ .45ಕ್ಕಿಂತ ಕಡಿಮೆ ಕೂಡದೆಂದಿತು. 1911ರಲ್ಲಿ ಬ್ರೌನಿಂಗ್ ರೂಪಿಸಿದ .45 ಪಿಸ್ತೂಲನ್ನು ಸೈನ್ಯ ಒಪ್ಪಿಕೊಂಡಿತು. ಮಠಕ್ಕೆ ಮೂರ್ತಿಯೂ ಸಿಕ್ಕಿತು.

ಶಾಸ್ತ್ರಕ್ಕೆ ಗಾಂಭೀರ್ಯ ತಂದದ್ದು 1986ರ ಮಿಯಾಮಿ ಘಟನೆ. ಎಫ್‌ಬಿಐ ಹಾರಿಸಿದ 9 ಮಿ.ಮೀ. ಗುಂಡೊಂದು ದರೋಡೆಕೋರನ ತೋಳನ್ನು ತೂರಿ, ಎದೆಯೊಳಗೆ ಹೊಕ್ಕು, ಹೃದಯ ಮುಟ್ಟುವ ಮೊದಲೇ ನಿಂತುಬಿಟ್ಟಿತು. ಅವನು ಕಾದಾಡುತ್ತಲೇ ಇದ್ದ. ಇಬ್ಬರು ಅಧಿಕಾರಿಗಳು ಸತ್ತರು. ಆಮೇಲೆ ಪ್ರಮಾಣವೆಂದರೆ ಜಿಲೆಟಿನ್. ನೂರಕ್ಕೆ 10 ಪಾಲು ಜಿಲೆಟಿನ್ ಬೆರೆಸಿ, 4 ಡಿಗ್ರಿಯಲ್ಲಿ ತಣ್ಣಗಿಟ್ಟ ಗಟ್ಟಿಗೆ ಗುಂಡು ಹೊಡೆದರೆ ಅದು 12ರಿಂದ 18 ಅಂಗುಲ ಇಳಿಯಬೇಕು. ಎದೆ ಅಷ್ಟು ದಪ್ಪವಿರುವುದಿಲ್ಲವಲ್ಲ ಎಂದು ಕೇಳುವವರು ಮಿಯಾಮಿಯ ಆ ತೋಳನ್ನು ನೆನೆಯಬೇಕು. ನಡುವೆ ಡೆನಿಮ್ ಬಟ್ಟೆ, ಪ್ಲೈವುಡ್, ಕಾರಿನ ಗಾಜು ಇಟ್ಟೂ ಪರೀಕ್ಷಿಸುತ್ತಾರೆ. ಟೊಳ್ಳು ಮೂತಿಯ ಗುಂಡಿನ ಬಾಯಿಗೆ ಬಟ್ಟೆ ತುರುಕಿಕೊಂಡರೆ ಅದು ಅರಳುವುದೇ ಇಲ್ಲ, ನೆಟ್ಟಗೆ ಆಚೆ ಹೋಗುತ್ತದೆ. ಜೀನ್ಸ್ ತೊಡದ ಕಳ್ಳರು ಈ ಶಾಸ್ತ್ರಕ್ಕೆ ಅಪವಾದ.

ಈ ಜಿಲೆಟಿನ್ನಿನಿಂದಲೇ 10 ಮಿ.ಮೀ. ಗುಂಡು ಪ್ರತಿಷ್ಠೆಗೇರಿತು. ಒದೆತ ವಿಪರೀತವೆಂದು ಅದರ ಬಲ ತಗ್ಗಿಸಿದರು. ತೋಟಾದಲ್ಲಿ ಜಾಗ ಖಾಲಿಯುಳಿದದ್ದರಿಂದ ಅದನ್ನು ಗಿಡ್ಡ ಮಾಡಿದಾಗ 1990ರಲ್ಲಿ .40 ಹುಟ್ಟಿತು. ಎರಡು ಮಠದವರೂ ಒಪ್ಪದ ವಿಶಿಷ್ಟಾದ್ವೈತ ಇದು. 2014ರಲ್ಲಿ ಎಫ್‌ಬಿಐ ತರಬೇತಿ ವಿಭಾಗ ಮತ್ತೆ 9ಕ್ಕೇ ಮರಳಿತು: ಹೊಸ ಗುಂಡುಗಳಲ್ಲಿ ಅಂತಹ ವ್ಯತ್ಯಾಸವಿಲ್ಲ, 9ರಲ್ಲಿ ಗುರಿ ಚೆನ್ನಾಗಿ ಕೂರುತ್ತದೆ.

ಇನ್ನು ಆಕ್ಷೇಪ. ನ್ಯೂಯಾರ್ಕ್ ಪೊಲೀಸರ ಬಗ್ಗೆ 2008ರಲ್ಲಿ ಬಂದ ರ್‍ಯಾಂಡ್ ಸಂಸ್ಥೆಯ ವರದಿಯಂತೆ, ಎದುರಾಳಿಯೂ ಗುಂಡು ಹಾರಿಸುವಾಗ ಅವರ ನೂರು ಗುಂಡಿನಲ್ಲಿ ಗುರಿ ಮುಟ್ಟಿದ್ದು 18. ಮಿಕ್ಕ 82ರ ವ್ಯಾಸ ಎಷ್ಟಿರಬೇಕಿತ್ತೆಂಬುದಕ್ಕೆ ಭಾಷ್ಯಗಳಲ್ಲಿ ಉತ್ತರವಿಲ್ಲ. .45ರ ಮಠದ ಪರವಾಗಿ ಒಂದು ಸಮಾಧಾನವನ್ನು ನಾನೇ ಸೂಚಿಸಬಲ್ಲೆ: ತಪ್ಪಿಹೋದ .45 ಗುಂಡು 9ಕ್ಕಿಂತ ಒಂದೂಕಾಲು ಮಿಲಿಮೀಟರ್ ಕಡಿಮೆ ತಪ್ಪಿರುತ್ತದೆ.