ಉಳಿತಾಯದ ಈಡು

ಅಮೆರಿಕದ ವಿಸ್ಕಾನ್ಸಿನ್ ಕಡೆ ಗಂಡಸಿಗೆ ಐವತ್ತು ದಾಟಿ, ಮಕ್ಕಳು ಕಾಲೇಜು ಹಿಡಿದು, ಗ್ಯಾರೇಜಿನ ಒಂದು ಗೋಡೆ ಖಾಲಿಯಾಯಿತು ಅಂದರೆ ಅವನಿಗೊಂದು ಬಯಕೆ ಹುಟ್ಟುತ್ತದೆ: ತನ್ನ ರೈಫಲ್ಲಿನ ತೋಟಾ ತಾನೇ ತುಂಬಬೇಕು. ಹೆಂಡತಿಯ ಮುಂದೆ ಅವನು ಕೊಡುವ ಕಾರಣ ಒಂದೇ. ಉಳಿತಾಯ.

ಅಲ್ಲಿ ನಮ್ಮ ಪಕ್ಕದ ಮನೆಯಾತ ಈ ಪೈಕಿಯವನು. ಹೆಸರು ಬೇಡ. ಇಂಥವನು ಅಲ್ಲಿ ಬೀದಿಗೊಬ್ಬ ಸಿಗುತ್ತಾನೆ, ಹೆಸರು ಯಾವುದಿದ್ದರೂ ಮಾತು ಇದೇ. ಬೇಲಿಯಾಚೆ ನಿಂತು ಆತ ನನಗೆ ತಿಳಿಸಿ ಹೇಳಿದ. ಒಂದು ತೋಟಾದಲ್ಲಿ ಇರುವುದು ನಾಲ್ಕೇ ಸಾಮಾನು: ಹಿತ್ತಾಳೆಯ ಕೇಸು, ಅದರ ಬುಡದಲ್ಲಿ ಕೇಪು, ಒಳಗೆ ಮದ್ದು, ತುದಿಯಲ್ಲಿ ಗುಂಡು. ಹೊಡೆದ ಮೇಲೆ ಗುಂಡು ಹೋಯಿತು, ಮದ್ದು ಉರಿಯಿತು, ಕೇಪು ಸತ್ತಿತು. ಎಲ್ಲಕ್ಕಿಂತ ದುಬಾರಿಯಾದ ಹಿತ್ತಾಳೆ ಮಾತ್ರ ಕಾಲ ಬುಡದಲ್ಲೇ ಬಿದ್ದಿರುತ್ತದೆ. ಅದನ್ನು ಹೆಕ್ಕಿ ತಂದು, ಹಿಗ್ಗಿದ್ದನ್ನು ಅಳತೆಗೆ ತಗ್ಗಿಸಿ, ಮಿಕ್ಕ ಮೂರನ್ನು ತುಂಬಿದರೆ ಆಯಿತು. ಒಂದೇ ಕೇಸು ಹಲವು ಸಲ ಬರುತ್ತದೆ. ನಮ್ಮ ಭಾರತದಲ್ಲಿ ಲೈಸೆನ್ಸಿಲ್ಲದೆ ತೋಟಾ ತಯಾರಿಸಲು ಕೂತರೆ ಆಯುಧ ಕಾಯ್ದೆ ಬಾಗಿಲು ತಟ್ಟುತ್ತದೆ. ಅಲ್ಲಿ ಸ್ವಂತ ಬಳಕೆಗಾದರೆ ಕೇಂದ್ರ ಸರ್ಕಾರದ ಲೈಸೆನ್ಸು ಬೇಕಿಲ್ಲ. ಮಾಡಿ ಮಾರಲು ಹೊರಟರೆ ಮಾತ್ರ ಬೇಕು. ಹಾಗಾಗಿ ಆತನ ಮತ್ತು ಉಳಿತಾಯದ ನಡುವೆ ಅಡ್ಡ ನಿಂತಿದ್ದದ್ದು ಸಲಕರಣೆಯ ಆಯ್ಕೆಯೊಂದೇ.

ಆತ ಹೊಡೆಯುವುದೆಷ್ಟು? ವಿಸ್ಕಾನ್ಸಿನ್ನಿನಲ್ಲಿ ಜಿಂಕೆಗೆ ಕೋವಿ ಎತ್ತುವ ಮುಖ್ಯ ಹಂಗಾಮು ನವೆಂಬರಿನ ಒಂಬತ್ತು ದಿನ. ಕಿತ್ತಳೆ ಬಣ್ಣದ ಅಂಗಿ ತೊಟ್ಟು ಮರದ ಮೇಲೆ ಕೂರುತ್ತಾನೆ. ಕಂಡರೆ ಒಂದು ಈಡು. ಅದಕ್ಕೆ ಮೊದಲು ಕೋವಿಯ ಗುರಿ ಸರಿಯಿದೆಯೇ ನೋಡಲು ಎಂಟೊಂಬತ್ತು. ಇಪ್ಪತ್ತು ತೋಟಾದ ಒಂದು ಡಬ್ಬಿ ಎರಡು ವರ್ಷ ತಳ್ಳುತ್ತದೆ. ಮನೆಯಲ್ಲೇ ತುಂಬಿದರೆ ಅರ್ಧ ದುಡ್ಡು ಮಿಗುತ್ತದೆ ಎಂದೇ ಇಟ್ಟುಕೊಳ್ಳೋಣ. ಆತ ಕೊಳ್ಳಬೇಕೆಂದು ಬರೆದಿಟ್ಟ ಪಟ್ಟಿಯನ್ನು ಆ ಮಿಗುವ ಹಣದಿಂದ ಮನಸ್ಸಿನಲ್ಲೇ ಭಾಗಿಸಿ ನೋಡಿದೆ. ಅಸಲು ಕೈಸೇರುವ ಹೊತ್ತಿಗೆ ಮರದ ಮೇಲೆ ಆತನ ಮರಿಮಗ ಕೂತಿರುತ್ತಾನೆ. ಇದನ್ನು ಆದಷ್ಟು ನಯವಾಗಿ ಹೇಳಿದೆ. ಆತ ತಬ್ಬಿಬ್ಬಾಗಲಿಲ್ಲ. "ಅದಕ್ಕೇ ಇನ್ನು ಮೇಲೆ ಜಾಸ್ತಿ ಹೊಡೀತೀನಿ" ಎಂದ. ಜಾಸ್ತಿ ಹೊಡೆದಷ್ಟೂ ಜಾಸ್ತಿ ಉಳಿತಾಯ. ಈ ತರ್ಕದ ಎದುರು ನನ್ನ ಬಿ.ಕಾಂ. ನಡೆಯಲಿಲ್ಲ.

ಪಟ್ಟಿಯ ತಲೆಯಲ್ಲಿರುವುದು ಪ್ರೆಸ್. ಬೆಂಚಿಗೆ ಬೋಲ್ಟು ಹಾಕಿ ಕೂರಿಸುವ, ಉದ್ದನೆಯ ಹಿಡಿಯ ಎರಕದ ಯಂತ್ರ. ನಮ್ಮ ಒತ್ತುಶ್ಯಾವಿಗೆಯ ಒರಳನ್ನು ಎಂಜಿನಿಯರಿಂಗ್ ಓದಿಸಿದರೆ ಹೇಗೋ ಹಾಗೆ. ಇದರಲ್ಲಿ ಮೂರು ಬಗೆ. ಸಿಂಗಲ್ ಸ್ಟೇಜಿನಲ್ಲಿ ಒಂದು ಎಳೆತಕ್ಕೆ ಒಂದೇ ಕೆಲಸ. ಇಪ್ಪತ್ತು ಕೇಸಿಗೂ ಅದನ್ನು ಮುಗಿಸಿ, ಡೈ ಎಂಬ ಅಚ್ಚನ್ನು ಬಿಚ್ಚಿ, ಮುಂದಿನದಕ್ಕೆ ಹೋಗಬೇಕು. ಟರೆಟ್ಟಿನಲ್ಲಿ ಡೈಗಳೆಲ್ಲ ಒಂದು ತಿರುಗುವ ತಲೆಯ ಮೇಲೆ ಕೂತಿರುತ್ತವೆ, ಬಿಚ್ಚುವ ಗೋಜಿಲ್ಲ. ಪ್ರೋಗ್ರೆಸಿವ್ ಎಂಬುದು ರಾಕ್ಷಸ: ಹಿಡಿ ಎಳೆದಾಗಲೆಲ್ಲ ಒಂದು ಪೂರ್ತಿ ತೋಟಾ ಉದುರುತ್ತದೆ, ಗಂಟೆಗೆ ನೂರಾರು. ವರ್ಷಕ್ಕೆ ಅರ್ಧ ಡಬ್ಬಿ ಮುಗಿಸುವವನಿಗೆ ಯಾವುದು ಸಾಕೆಂದು ಮಗುವಾದರೂ ಹೇಳೀತು. ಆತ ಮೂರನ್ನೂ ಒಂದು ಚಳಿಗಾಲ ಪೂರ್ತಿ ತೂಗಿದ.

ಅಷ್ಟಕ್ಕೇ ಮುಗಿಯಲಿಲ್ಲ, ಬಣ್ಣದ ಪ್ರಶ್ನೆಯಿತ್ತು. ಪ್ರೆಸ್ ಮಾಡುವ ಪ್ರತಿ ಕಂಪನಿಗೂ ತನ್ನದೇ ಬಣ್ಣ. ಆರ್‌ಸಿಬಿಎಸ್ ಹಸಿರು. ಹಾರ್ನಡಿ ಕೆಂಪು. ಲೀ ಕೂಡ ಕೆಂಪು, ಆದರೆ ಇಬ್ಬರ ಭಕ್ತರೂ ಪರಸ್ಪರ ಮುಖ ನೋಡುವುದಿಲ್ಲ. ಡಿಲನ್ ನೀಲಿ. ಲೈಮನ್ ಕಿತ್ತಳೆ, 1878ರ ಮನೆತನ. ಪ್ರತಿ ಬಣ್ಣಕ್ಕೂ ಒಂದು ಸ್ಥಳಪುರಾಣವಿದೆ. ಆತ ಅವನ್ನೆಲ್ಲ ಬಾಯಿಪಾಠ ಮಾಡಿದ್ದ. ಎರಡನೇ ಮಹಾಯುದ್ಧದ ಕಾಲ, ಒಳ್ಳೆಯ ಗುಂಡಿಗೆ ಬರ. ಕ್ಯಾಲಿಫೋರ್ನಿಯಾದ ಓರೊವಿಲ್ಲಿನ ಫ್ರೆಡ್ ಹಂಟಿಂಗ್ಟನ್ ಎಂಬಾತ ಹೊಡೆದು ಬಿಸಾಡಿದ ಪುಟ್ಟ ಟ್ವೆಂಟಿಟೂ ಕೇಸುಗಳನ್ನೇ ಹೊದಿಕೆಯಾಗಿಸಿ ಗುಂಡು ಒತ್ತುವ ಅಚ್ಚು ತಯಾರಿಸಿದ. ಅದು 1943. ರಾಕ್ ಚಕ್ ಎಂಬ ಬಿಲವಾಸಿಯನ್ನು ಹೊಡೆಯಲೆಂದು ಮಾಡಿದ್ದರಿಂದ ರಾಕ್ ಚಕ್ ಬುಲೆಟ್ ಸ್ವೇಜ್. ಅದರ ಮೊದಲಕ್ಷರಗಳೇ ಕಂಪನಿಯ ಹೆಸರಾಗಿ ಉಳಿದವು. ಹಾರ್ನಡಿಯ ಮೂಲಪುರುಷ ನೆಬ್ರಾಸ್ಕದ ಜಾಯ್ಸ್ ಹಾರ್ನಡಿ, 1949. ಜಾಯ್ಸ್ ಅಂದರೆ ಗಂಡಸೇ ಎಂದು ಆತ ಕೇಳದವರಿಗೂ ತಿಳಿಸುತ್ತಾನೆ. ಈ ಕಥೆಗಳನ್ನು ಹೇಳುವಾಗ ಮುಖದಲ್ಲಿ ಎಂಥ ಕಳೆ! ನೀಲಿಯವರ ಬಗ್ಗೆ ಮಾತ್ರ ಒಂದು ಅಳುಕು. ಅವರು ಶ್ರೀಮಂತರು, ಸ್ಪರ್ಧೆಗೆ ಹೋಗುವವರು. ಗುಂಡಿನ ಲೆಕ್ಕವನ್ನು ಸಾವಿರದಲ್ಲಿ ಇಡುವವರು.

"ಒಮ್ಮೆ ಕೊಳ್ಳು, ಒಮ್ಮೆ ಅಳು" ಎಂಬುದು ಇವರೆಲ್ಲರ ಪಂಥದ ಮಾತು. ಅಗ್ಗದ್ದು ಕೊಂಡು ಪದೇಪದೇ ಅಳುವುದಕ್ಕಿಂತ ದುಬಾರಿಯದನ್ನು ಒಮ್ಮೆಗೇ ತಂದುಬಿಡಬೇಕು ಎಂದರ್ಥ. ಆತನ ಹೆಂಡತಿಯ ತಕರಾರು ಒಂದೇ: ಕೊಳ್ಳುವುದಕ್ಕೂ ಮೊದಲೇ ಇಷ್ಟು ದಿನ ಅಳುವುದು ಯಾವ ಲೆಕ್ಕ?

ಪ್ರೆಸ್ಸಿನ ತೀರ್ಮಾನ ಆಗುವವರೆಗೆ ಕೈಕಟ್ಟಿ ಕೂರಲಾದೀತೇ? ಚಿಲ್ಲರೆ ಸಾಮಾನು ಬರತೊಡಗಿತು. ಅಂಗುಲದ ಸಾವಿರದೊಂದನೇ ಪಾಲು ತೋರಿಸುವ ಕ್ಯಾಲಿಪರ್. ಕೇಸು ಉದ್ದವಾದರೆ ಕತ್ತರಿಸುವ ಟ್ರಿಮ್ಮರ್. ಕತ್ತರಿಸಿದ ಅಂಚು ಹೆರೆಯಲೊಂದು ಕೈಸಾಣೆ. ಕೇಸು ತೊಳೆಯಲು ಒಂದು ಗಡಗಡ ಯಂತ್ರ. ಅದರೊಳಗೆ ಅಕ್ರೋಟಿನ ಚಿಪ್ಪಿನ ಪುಡಿ ಹಾಕಬೇಕೋ ಮೆಕ್ಕೆಜೋಳದ ದಿಂಡಿನದೋ, ಅಥವಾ ನೀರು ತುಂಬಿ ಸ್ಟೀಲಿನ ಸೂಜಿಗಳೋ ಎಂಬುದರ ಮೇಲೆ ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸದ ಕಾಲವೆಲ್ಲ ಕಳೆಯಿತು. ಹೊಳೆಯುವ ಕೇಸು ನೆಟ್ಟಗೆ ಹೊಡೆಯುತ್ತದೆಯೇ ಎಂದು ಕೇಳಿದೆ. ಇಲ್ಲ, ಹೊಳೆಯುತ್ತದೆ ಎಂದ.

ನನಗೆ ಈತನ ಮೇಲೆ ಗೌರವ ಹುಟ್ಟಿದ್ದು ಬೇರೊಂದು ಸಾಮಾನು ಕಂಡಾಗ. ರೈಫಲ್ ಕೇಸಿಗೆ ಜಿಡ್ಡು ಸವರದೆ ಡೈಯೊಳಗೆ ನುಗ್ಗಿಸಿದರೆ ಅದು ಅಲ್ಲೇ ಕಚ್ಚಿ ಕೂರುತ್ತದೆ. ಬುಡಕ್ಕೆ ತೂತು ಕೊರೆದು, ತಿರುಪಿನ ಮರೆ ಹಾಕಿ, ಬೋಲ್ಟು ತಿರುಗಿಸಿ ಕೀಳಬೇಕು. ಹೊಸಬರಿಗೆಲ್ಲ ಒಮ್ಮೆ ಆಗುವ ಅವಮಾನವಂತೆ. ಕೀಳುವುದಕ್ಕೆಂದೇ ಒಂದು ಕಿಟ್ ಮಾರುತ್ತಾರೆ. ಈತ ಪ್ರೆಸ್ಸಿಲ್ಲ, ಡೈಯಿಲ್ಲ, ಆದರೆ ಆ ಕಿಟ್ಟನ್ನು ಮುಂಚಿತವಾಗಿ ತಂದು ಮೊಳೆಗೆ ತೂಗುಹಾಕಿದ್ದ.

ತಕ್ಕಡಿಯ ಅಧ್ಯಾಯವನ್ನು ಗೇಲಿ ಮಾಡಲು ನನಗೆ ಮನಸ್ಸಿಲ್ಲ. ಮದ್ದನ್ನು ತೂಗುವುದು ಗ್ರೇನಿನಲ್ಲಿ. ಒಂದು ಪೌಂಡಿಗೆ 7000 ಗ್ರೇನ್. ಅಕ್ಕಸಾಲಿಗರ ಗುಲಗಂಜಿ ಸುಮಾರು ಎರಡು ಗ್ರೇನಿಗೆ ಬರುತ್ತದೆ, ಈ ತಕ್ಕಡಿಗಳು ಗ್ರೇನಿನ ಹತ್ತನೇ ಒಂದು ಪಾಲನ್ನು ಹಿಡಿಯುತ್ತವೆ. ಮಲೆನಾಡಿನಲ್ಲಿ ಕೇಪಿನ ಕೋವಿಗೆ ಕರಿಮದ್ದು ಜಡಿಯುತ್ತಿದ್ದ ನಮ್ಮ ಹಿರಿಯರ ಅಳತೆ ಬೆರಳು. ಇಂತಿಷ್ಟು ಬೆರಳು ಈಡು ಅಂದರೆ ಮಾತು ಮುಗಿಯಿತು. ಹೊಗೆಯಿಲ್ಲದ ಮದ್ದು ಅಂಥ ಸಲಿಗೆಯನ್ನು ಸಹಿಸುವುದಿಲ್ಲ. ಮರೆತು ಎರಡು ಸಲ ಸುರಿದರೆ ಕೋವಿಯೇ ಮುಖದ ಮುಂದೆ ಸಿಡಿದೀತು. ಸುರಿಯುವುದನ್ನೇ ಮರೆತರೆ ಕೇಪಿನ ಬಲಕ್ಕೆ ಗುಂಡು ನಳಿಕೆಯ ನಡುವೆ ಹೋಗಿ ಸಿಕ್ಕಿಕೊಳ್ಳುತ್ತದೆ, ಅದರ ಹಿಂದೆ ಇನ್ನೊಂದು ಹೊಡೆದವನ ಕಥೆ ಅಷ್ಟೇ. ಬಣ್ಣ, ಬ್ರಾಂಡು, ವಾರಂಟಿ ಎಂದು ಅಷ್ಟು ಹೊತ್ತು ಬಡಬಡಿಸುವ ಈ ಮನುಷ್ಯ ಮದ್ದಿನ ವಿಷಯಕ್ಕೆ ಬಂದೊಡನೆ ಬೇರೆಯೇ ಆಗಿಬಿಡುತ್ತಾನೆ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬಿ ಮದ್ದು. ಕೇಪುಗಳು ಬಂದ ಪೆಟ್ಟಿಗೆಯಲ್ಲೇ ಇರಬೇಕು. ಕಣ್ಣಿಗೆ ಕನ್ನಡಕ. ಫೋನಿಗೆ, ಸಿಗರೇಟಿಗೆ, ಬಿಯರಿಗೆ, ನನಗೆ ಪ್ರವೇಶವಿಲ್ಲ. ಯಾರೋ ಹೇಳಿದ ಅಳತೆಯನ್ನು ಕಿವಿಗೂ ಹಾಕಿಕೊಳ್ಳುವುದಿಲ್ಲ. ಅಚ್ಚಾದ ಕೈಪಿಡಿ ಎರಡನ್ನು ಒಟ್ಟಿಗೆ ತೆರೆದು, ಎರಡೂ ಒಪ್ಪುವ ಆರಂಭದ ಅಳತೆಯಿಂದಲೇ ಹೊರಡಬೇಕು, ಗರಿಷ್ಠದಿಂದಲ್ಲ. ಕೈಪಿಡಿಗಳು ಒಟ್ಟು ಎಷ್ಟಿದ್ದವು ಎಂಬುದು ಬೇರೆ ಮಾತು. ಮಕ್ಕಳು ಬಿಟ್ಟುಹೋದ ಕಪಾಟು ತುಂಬಿತ್ತು.

ಆತನ ನೆಮ್ಮದಿಗೆ ಒಬ್ಬ ಶತ್ರುವಿದ್ದ. ಊರ ಗುರಿಮೈದಾನಕ್ಕೆ ಬರುವ ಒಬ್ಬ ಮುದುಕ. ಜೇಬಿನಲ್ಲಿ ಹಿಡಿಸುವ ಒಂದು ಪೆಟ್ಟಿಗೆ ತರುತ್ತಾನೆ. ರಿಚರ್ಡ್ ಲೀ 1958ರಲ್ಲಿ ಮಾರುಕಟ್ಟೆಗೆ ಬಿಟ್ಟ ಪುಟ್ಟ ಸಲಕರಣೆಯ ವಂಶದ್ದು, ಅದೇ ವಿಸ್ಕಾನ್ಸಿನ್ನಿನ ಹಾರ್ಟ್‌ಫರ್ಡಿನ ಸರಕು. ಪ್ರೆಸ್ಸಿಲ್ಲ, ಬೆಂಚಿಲ್ಲ. ಒಂದು ಪ್ಲಾಸ್ಟಿಕ್ ಸುತ್ತಿಗೆ. ಟಕ್, ಕೇಸಿನ ಕುತ್ತಿಗೆ ಅಳತೆಗೆ ಬಂತು. ಟಕ್, ಕೇಪು ಕೂತಿತು. ಅದು ಒಮ್ಮೊಮ್ಮೆ ಢಂ ಎನ್ನುವುದೂ ಉಂಟು, ಮುದುಕ ಹುಬ್ಬೂ ಎತ್ತುವುದಿಲ್ಲ. ಪೆಟ್ಟಿಗೆಯ ಜೊತೆಗೇ ಬಂದ ಚಮಚದಲ್ಲಿ ಮದ್ದು. ಟಕ್, ಗುಂಡು. ಅಲ್ಲೇ ತುಂಬುತ್ತಾನೆ, ಅಲ್ಲೇ ಹೊಡೆಯುತ್ತಾನೆ, ನೂರು ಗಜದಾಚೆಯ ಕಾಗದದ ಮೇಲೆ ಮೂರು ತೂತು ಒಂದನ್ನೊಂದು ಮುಟ್ಟಿಕೊಂಡಿರುತ್ತವೆ. ನಮ್ಮಾತ ಇದನ್ನು ದುರ್ಬೀನಿನಲ್ಲಿ ನೋಡಿ, ಕೆಳಗಿಟ್ಟು, "ಗಾಳಿ ಅವನ ಕಡೆಗಿತ್ತು" ಎಂದ.

ಕೊನೆಗೂ ಹಸಿರು ಗೆದ್ದಿತು. ಸಿಂಗಲ್ ಸ್ಟೇಜ್ ಪ್ರೆಸ್ ಬಂತು, ಡೈಗಳು ಬಂದವು, ಬೆಂಚು ನೆಲಕ್ಕೆ ಬೇರೂರಿತು. ಆಗ ಇಸವಿ 2020. ಕೊರೊನಾ ಬಂದು ಜನ ಅಂಗಡಿಗಳಲ್ಲಿ ಟಾಯ್ಲೆಟ್ ಕಾಗದಕ್ಕೆ ಮುಗಿಬಿದ್ದ ಹಾಗೆಯೇ ಕೋವಿ ಅಂಗಡಿಗಳಿಗೂ ಮುಗಿಬಿದ್ದರು. ದೇಶಕ್ಕೆ ದೇಶವೇ ತೋಟಾ ಕೊಂಡಿತು. ತಯಾರಕರಲ್ಲಿದ್ದ ಕೇಪೆಲ್ಲ ಅವರ ತೋಟಾಗಳಿಗೇ ಹೋಯಿತು, ಬಿಡಿ ಕೇಪಿನ ಗೂಡುಗಳು ಖಾಲಿ ಬಿದ್ದವು. ಕೇಪಿಲ್ಲದೆ ಉಳಿದ ಸಾಮಾನೆಲ್ಲ ಗೋಡೆಯ ಅಲಂಕಾರ. ಪಾಪ, ಕುಸಿದುಹೋಗಿರಬೇಕು ಎಂದು ಮಾಸ್ಕು ಕಟ್ಟಿಕೊಂಡು ಮಾತಾಡಿಸಲು ಹೋದೆ. ಆತ ಅಷ್ಟು ಹಗುರಾಗಿದ್ದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. "ಟರೆಟ್ ಬಗ್ಗೆ ಇನ್ನೊಮ್ಮೆ ಯೋಚನೆ ಮಾಡೋಕೆ ಟೈಮ್ ಸಿಕ್ತು" ಎಂದ.

ಕೇಪು ಮತ್ತೆ ಸಿಗತೊಡಗಿದ ಮೇಲೆ ಇಪ್ಪತ್ತು ತೋಟಾ ತಯಾರಾದದ್ದೂ ನಿಜ. ಅದನ್ನು ನೋಡಲು ಕೊಡಗಿನ ಗೆಳೆಯನೊಬ್ಬನನ್ನು ಕರೆದುಕೊಂಡು ಹೋಗಿದ್ದೆ. ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಪಡೆದ ಕೊಡವರ ಹುಡುಗ; ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಯ ನಳಿಕೆಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡಿ ಬೆಳೆದವನು. ಉಗುರಷ್ಟೂ ವ್ಯತ್ಯಾಸವಿಲ್ಲದೆ ಸಾಲಾಗಿ ನಿಂತ ತೋಟಾಗಳನ್ನು ನೋಡಿ ಮರುಳಾದ ಅವನು ಅಲ್ಲಿಂದಲೇ ವಿರಾಜಪೇಟೆ ಕಡೆಯ ಮನೆಗೆ ವಿಡಿಯೋ ಕರೆ ಮಾಡಿ ಅಮ್ಮನಿಗೆ ತೋರಿಸಿದ. ಅಲ್ಲಿ ಬೆಳಿಗ್ಗೆ, ಕಾಫಿ ಕೊಯ್ಲಿನ ಆಳುಗಳು ಬರುವ ಹೊತ್ತು. ಆಕೆ ಕನ್ನಡಕ ಏರಿಸಿ ಬೆಂಚು, ಪ್ರೆಸ್, ತಕ್ಕಡಿ, ಟ್ರಿಮ್ಮರ್, ಗಡಗಡ ಯಂತ್ರ, ಪುಸ್ತಕದ ಕಪಾಟು ಎಲ್ಲ ನೋಡಿ, "ಅಲ್ಲ ಮಗಾ, ಅಮೇರಿಕಾದಲ್ಲಿ ತೋಟಾ ಅಂಗಡೀಲಿ ಸಿಗೋದಿಲ್ವಾ?" ಎಂದರು.

ಗೆಳೆಯ ಇಂಗ್ಲಿಷಿಗೆ ತಿರುಗಿಸಿದ. ಪಕ್ಕದ ಮನೆಯಾತ ನೊಂದುಕೊಳ್ಳಲಿಲ್ಲ. ಸಿಗುತ್ತದೆ, ಆದರೆ ಅಂಗಡಿಯದು ಎಲ್ಲರ ರೈಫಲ್ಲಿಗೂ ಹೊಂದಲೆಂದು ಮಾಡಿದ್ದು. ಇದು ನನ್ನ ಒಂದೇ ರೈಫಲ್ಲಿನ ಅಳತೆಗೆ ಮಾಡಿದ್ದು, ತಾಯಿಗೆ ಹೇಳು ಎಂದ. ಹೇಳಿದ.

"ಅದು ಜಿಂಕೆಗೆ ಗೊತ್ತಾಗುತ್ತಾ?"

ಆತ ಇದನ್ನು ಶುದ್ಧ ತಾಂತ್ರಿಕ ಪ್ರಶ್ನೆಯೆಂದೇ ತೆಗೆದುಕೊಂಡ. ಸ್ಟೂಲು ಎಳೆದು ಕೂತು, ಗುಂಡಿನ ವೇಗ, ಗಾಳಿಯ ತಡೆ, ಇನ್ನೂರು ಗಜದಲ್ಲಿ ಎಷ್ಟು ಅಂಗುಲ ಇಳಿತ ಎಂದು ಮೊದಲಿನಿಂದ ಶುರು ಮಾಡಿದ. ಗೆಳೆಯ ಎರಡು ವಾಕ್ಯ ಅನುವಾದಿಸಿ ಕೈಚೆಲ್ಲಿದ. ಫೋನಿನಲ್ಲಿ ಆಗಲೇ ಅಡಿಗೆಮನೆಯ ಮಾಡು ಮಾತ್ರ ಕಾಣುತ್ತಿತ್ತು. ಹೊರಗೆಲ್ಲೋ ಆಕೆ ಆಳುಗಳ ತಲೆ ಎಣಿಸುತ್ತಿದ್ದರು. ಆತ ಮಾಡಿಗೇ ವಿವರಿಸುತ್ತ, ಒಂದು ತೋಟಾವನ್ನು ಕ್ಯಾಮೆರಾದ ಹತ್ತಿರ ಹಿಡಿದು ತೋರಿಸಿದ.