ಟ್ವೀಟರಿಗೊಂದು ಫ್ಯಾನ್ ಕಂಡೆನ್ಸರ್

ಹಳೆಯ ಸ್ಪೀಕರ್ ಪೆಟ್ಟಿಗೆಯ ಸ್ಕ್ರೂ ಬಿಚ್ಚಿದವನಿಗೆ ಮೊದಲು ಬೇಕಾಗುವುದು ವಿದ್ಯುತ್ ಶಾಸ್ತ್ರವಲ್ಲ, ಪ್ರಾಣಿಶಾಸ್ತ್ರ. ಗಾಳಿ ಆಡಲೆಂದು ಕಂಪೆನಿಯವರು ಮುಂಭಾಗದಲ್ಲಿ ಬಿಟ್ಟ ಗುಂಡಗಿನ ತೂತಿನೊಳಗೆ ಕುಂಬಾರ ಹುಳು ಮಣ್ಣಿನ ಮನೆ ಕಟ್ಟಿ, ಸಂಸಾರ ಮುಗಿಸಿ, ಖಾಲಿ ಮಾಡಿ ಹೋಗಿರುತ್ತದೆ. ಮೂಲೆಯಲ್ಲಿ ಹಲ್ಲಿಮೊಟ್ಟೆಯ ಚಿಪ್ಪು. ಕಾಗದದ ಕೋನಿನ ಅಂಚಿನಲ್ಲಿ ಜಿರಲೆ ರುಚಿ ನೋಡಿದ ಗುರುತು. ನಮ್ಮ ಹಿರಿಯಡ್ಕದ ಕಡೆ ಅಟ್ಟಕ್ಕೆ ಹತ್ತಿದ ವಸ್ತುವಿಗೆ ಮನುಷ್ಯರೊಬ್ಬರೇ ವಾರಸುದಾರರಲ್ಲ.

ಈ ಸ್ಪೀಕರ್ ಜೋಡಿ ನನ್ನ ಸೋದರಮಾವನದ್ದು. ಮುಂಬಯಿಯಲ್ಲಿ ಹೋಟೆಲು ಮಾಡಿಕೊಂಡಿದ್ದಾಗ ಕೊಂಡದ್ದಂತೆ. ಕಂಪೆನಿಯ ಹೆಸರಿನ ಬಿಲ್ಲೆ ಉದುರಿಹೋಗಿ ಗೋಂದಿನ ಕಲೆ ಮಾತ್ರ ಉಳಿದಿದೆ; ಆದ್ದರಿಂದ ಅದು ಯಾವ ದೇಶದ್ದೆಂಬುದು ಮಾವನ ಆ ದಿನದ ಉತ್ಸಾಹದ ಮೇಲೆ ನಿಂತಿದೆ. ಒಮ್ಮೆ ಜಪಾನ್, ಒಮ್ಮೆ ಜರ್ಮನಿ.

ವೂಫರಿನ ಸುತ್ತ ಇದ್ದ ಫೋಮಿನ ಅಂಚು ಮುಟ್ಟಿದೊಡನೆ ಹಳೆಯ ಬೆಲ್ಲದ ಹಾಗೆ ಬೆರಳಿಗೆ ಅಂಟಿಕೊಂಡು ಬಂತು. ಎಪ್ಪತ್ತು ಎಂಬತ್ತರ ದಶಕದಲ್ಲಿ ಅನೇಕ ಕಂಪೆನಿಗಳು ಮೆಚ್ಚಿ ಹಾಕಿದ್ದು ಪಾಲಿಯುರೆಥೇನ್ ಫೋಮು. ಗಾಳಿಯ ಪಸೆ ತಾಗಿ ತಾಗಿ ಅದರ ಅಣುಗಳ ಸರಪಳಿಯೇ ತುಂಡಾಗುತ್ತದೆ. ವರ್ಷಕ್ಕೆ 4000 ಮಿಲ್ಲಿಮೀಟರ್ ಮಳೆ ಸುರಿಯುವ ಉಡುಪಿ ಸೀಮೆಗೆ ಅದನ್ನು ತಂದದ್ದೇ ಧೈರ್ಯದ ಕೆಲಸ. ಈಗ ಹಾಕುವುದಾದರೆ ರಬ್ಬರಿನ ಅಂಚೇ ಸರಿ. ಅದು ನಮ್ಮ ಪೇಟೆಯಲ್ಲಿ ಸಿಗುವುದಿಲ್ಲ, ಅಳತೆ ಕೊಟ್ಟು ತರಿಸಬೇಕು. ಎಂಟಿಂಚಿನ ಸ್ಪೀಕರ್ ಎಂದರೆ ಕಬ್ಬಿಣದ ಚೌಕಟ್ಟು ಎಂಟಿಂಚು. ಕೋನು ಅದಕ್ಕಿಂತ ಸಾಕಷ್ಟು ಸಣ್ಣದು. ಕೋನನ್ನೇ ಅಳೆಯಬೇಕು.

ಆದರೆ ಹಳೆಯ ಸ್ಪೀಕರಿನ ಭಕ್ತರು ಅಂಚಿನ ಬಗ್ಗೆ ಚರ್ಚಿಸುವುದು ಕಡಿಮೆ. ಅವರ ಪ್ರಾಣವೆಲ್ಲ ಒಳಗಿನ ವಯರಿನಲ್ಲಿ. ಆಮ್ಲಜನಕ ತೆಗೆದ ತಾಮ್ರ, ಬೆಳ್ಳಿ ಲೇಪದ ತಾಮ್ರ, ಕರೆಂಟು ಯಾವ ದಿಕ್ಕಿಗೆ ಹೋಗಬೇಕೆಂದು ಬಾಣ ಬರೆದ ವಯರು. ಸಂಗೀತದ ಕರೆಂಟು ಸೆಕೆಂಡಿಗೆ ನೂರಾರು, ಸಾವಿರಾರು ಸಲ ಅತ್ತಿತ್ತ ಓಡುವಂಥದ್ದು. ಬಾಣ ನೋಡಿ ನಡೆಯುವ ಶಿಸ್ತು ಅದಕ್ಕೆಲ್ಲಿಂದ?

ಲೆಕ್ಕ ಹಾಕಿ ನೋಡಿ. ನಮ್ಮ ಅಂಗಡಿಗಳಲ್ಲಿ ಫ್ಲೆಕ್ಸಿಬಲ್ ವಯರಿಗೆ ಇನ್ನೂ 14/76, 23/76, 40/76 ಎಂದೇ ಹೆಸರು. 23/76 ಎಂದರೆ ಇಂಚಿನ ಹತ್ತು ಸಾವಿರದಲ್ಲಿ 76 ಪಾಲು ದಪ್ಪದ ಎಳೆಗಳು 23. ಬ್ರಿಟಿಷರು ಹೋದರೂ ಅವರ ಇಂಚು ವಯರಿನ ಕಟ್ಟಿನಲ್ಲಿ ಅವಿತು ಕೂತಿದೆ. ಪೆಟ್ಟಿಗೆಯೊಳಗೆ ಹೋಗಿ ಬರುವ ದಾರಿ ಸೇರಿ ಒಂದು ಮೀಟರ್ ಬೇಕು ಎನ್ನಿ. ಆ ವಯರಿನ ತಡೆ ಸುಮಾರು ಒಂದು ಓಮಿನ ನಲವತ್ತರಲ್ಲಿ ಒಂದು ಪಾಲು. ವೂಫರಿನ ದಾರಿಯಲ್ಲೇ ಕೂತ ಕಾಯಿಲಿನ ತಡೆ ಅದರ ಹತ್ತು ಪಟ್ಟಿಗೂ ಮಿಕ್ಕಿ ಇರುತ್ತದೆ. ಕೋನಿನ ಹಿಂದಿನ ವಾಯ್ಸ್ ಕಾಯಿಲೋ, ಮೀಟರುಗಟ್ಟಲೆ ಕೂದಲೆಳೆಯಂಥ ತಂತಿ. ಎಂಟು ಓಮಿನದ್ದಕ್ಕೆ ಮೀಟರು ಹಿಡಿದರೆ ಆರರ ಸುತ್ತ ತೋರಿಸುತ್ತದೆ. ಇಷ್ಟೆಲ್ಲ ದಾಟಿ ಬರುವ ಸ್ವರಕ್ಕೆ ಆ ಒಂದು ಮೀಟರಿನ ಜಾತಿ ಕೇಳುವ ವ್ಯವಧಾನ ಇರಲಾರದು.

ಹಾಗೆಂದು ಸಿಕ್ಕಿದ ವಯರು ಹಾಕಿ ಎನ್ನುತ್ತಿಲ್ಲ. ಸಾಧ್ಯವಾದರೆ ತವರದ ಲೇಪ ಇದ್ದದ್ದನ್ನೇ ಹಾಕಬೇಕು. ಸ್ವರ ಚಂದವಾಗುತ್ತದೆಂದಲ್ಲ; ಕಡಲ ಸೀಮೆಯ ಗಾಳಿಗೆ ಬರಿಯ ತಾಮ್ರ ಕಿಲುಬು ಹಿಡಿಯುತ್ತದೆ ಎಂದು. ನನ್ನ ಪೆಟ್ಟಿಗೆಯಲ್ಲಿ ಹಳೆಯ ವಯರಿನ ತುದಿಗಳು ಹಸುರಾಗಿ, ತಗಡಿನ ಕ್ಲಿಪ್ಪು ಸಡಿಲವಾಗಿ, ಒಂದು ಕಡೆಯ ಟ್ವೀಟರು ಮನಸ್ಸು ಬಂದಾಗ ಮಾತ್ರ ಹಾಡುತ್ತಿತ್ತು. ಕ್ಲಿಪ್ಪು ತೆಗೆದು ನೇರ ಸೋಲ್ಡರ್ ಮಾಡಿದರೆ ಆ ರಗಳೆ ಮುಗಿಯಿತು. ವಯರನ್ನು ಹಲಗೆಗೆ ಬಿಗಿಯಾಗಿ ಕಟ್ಟುವುದು ಇನ್ನೂ ಮುಖ್ಯ. ಸಡಿಲ ಬಿಟ್ಟರೆ ಬಾಸು ಬಂದಾಗ ಅದೂ ಹಲಗೆಗೆ ಬಡಿದು ಝರ್ರೆಂದು ತಾಳ ಹಾಕುತ್ತದೆ.

ನಿಜವಾಗಿ ಮುದಿಯಾಗುವುದು ಕಂಡೆನ್ಸರು. ಬಾಸನ್ನು ತಡೆದು ಏರುಸ್ವರವನ್ನಷ್ಟೇ ಟ್ವೀಟರಿಗೆ ಬಿಡುವುದು ಅದರ ಕೆಲಸ. ಹಳೆಯ ಎಲೆಕ್ಟ್ರೋಲಿಟಿಕ್ಕಿನ ಒಳಗಿನ ದ್ರವ ಒಣಗಿ ಅಳತೆ ತಪ್ಪುತ್ತದೆ. ನನ್ನದರಲ್ಲಿ ಇದ್ದದ್ದು 4.7 ಮೈಕ್ರೋಫ್ಯಾರಡ್, ಪ್ಲಸ್ ಮೈನಸ್ ಇಲ್ಲದ್ದು. ಅದರ ಬದಲಿಗೆ ಪಾಲಿಪ್ರೊಪಿಲೀನ್ ಫಿಲ್ಮಿನದ್ದು ಹಾಕಬೇಕೆಂದು ಪಂಡಿತರು ಹೇಳುತ್ತಾರೆ. ವಿದೇಶದಿಂದ ಬರುವ ಅಂಥದ್ದರ ಬೆಲೆ ಕೇಳಿದರೆ ಸ್ಪೀಕರನ್ನು ಕುಂಬಾರ ಹುಳುವಿಗೇ ಬಿಟ್ಟುಕೊಡೋಣ ಅನ್ನಿಸುತ್ತದೆ. ಆದರೆ ನಮ್ಮ ಸೀಲಿಂಗ್ ಫ್ಯಾನಿನ ತಲೆಯಲ್ಲಿ ಕೂತಿರುವುದೂ ಪಾಲಿಪ್ರೊಪಿಲೀನ್ ಫಿಲ್ಮೇ. 2.5 ಮೈಕ್ರೋಫ್ಯಾರಡ್, 440 ವೋಲ್ಟ್. ಎರಡನ್ನು ಸಮಾನಾಂತರವಾಗಿ ಜೋಡಿಸಿದರೆ 5. ಹಳೆಯದು ಹುಟ್ಟುವಾಗಲೇ ಶೇಕಡಾ ಹತ್ತು ಹೆಚ್ಚು ಕಡಿಮೆ ಇದ್ದಿರಬಹುದಾದ್ದರಿಂದ ಈ ವ್ಯತ್ಯಾಸಕ್ಕೆ ಯಾರೂ ಮುನಿಸಿಕೊಳ್ಳಬೇಕಾಗಿಲ್ಲ.

ಪೇಟೆಯ ಅಂಗಡಿಯಲ್ಲಿ ಕೇಳಿದೆ.

“ನಾಲ್ಕು ಫ್ಯಾನು ಒಟ್ಟಿಗೇ ಹೋದದ್ದಾ ಮಾರಾಯ್ರೆ? ಸಿಡಿಲಾ?”

“ಇಲ್ಲ, ಸ್ಪೀಕರಿಗೆ.”

ಅವರು ಕಂಡೆನ್ಸರುಗಳನ್ನು ಕಾಗದದಲ್ಲಿ ಸುತ್ತುತ್ತಾ ಸ್ವಲ್ಪ ಹೊತ್ತು ಯೋಚಿಸಿದರು. “ಸ್ಪೀಕರು ತಿರುಗ್ತದಾ?”

ಒಂದು ಎಚ್ಚರ ಮಾತ್ರ ಬೇಕು. ಫಿಲ್ಮಿನ ಕಂಡೆನ್ಸರು ಹಳೆಯದರಷ್ಟು ಸ್ವರವನ್ನು ನುಂಗುವುದಿಲ್ಲ, ಟ್ವೀಟರು ಇದ್ದಕ್ಕಿದ್ದಂತೆ ಚುರುಕಾಗುತ್ತದೆ. ಕಿವಿಗೆ ಚುಚ್ಚಿದರೆ ಅರ್ಧ ಓಮಿನ ಬಿಳಿ ಸಿಮೆಂಟ್ ರೆಸಿಸ್ಟರೊಂದನ್ನು ಸಾಲಿನಲ್ಲಿ ಸೇರಿಸಿದರೆ ಸಾಕು.

ಪ್ಲಸ್ ಮೈನಸ್ ಗುರುತು ಅಳಿಸಿದ್ದರೆ ಗೋಡೆ ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ಲು ಸಾಕು. ವೂಫರಿಗೆ ಕ್ಷಣಮಾತ್ರ ತಾಗಿಸಿದರೆ ಕೋನು ಹೊರಗೆ ಚಿಮ್ಮಬೇಕು. ಆಗ ಸೆಲ್ಲಿನ ಪ್ಲಸ್ ತಾಗಿದ್ದೇ ಸ್ಪೀಕರಿನ ಪ್ಲಸ್. ಅಮೆರಿಕದ ಜೆಬಿಎಲ್‌ನವರು ಬಹಳ ಕಾಲ ಇದನ್ನು ತಿರುಗಾಮುರುಗಾ ಇಟ್ಟಿದ್ದರು, ಅವರ ಕೋನು ಒಳಗೆ ಹೋಗುತ್ತಿತ್ತು. ಎರಡೂ ಪೆಟ್ಟಿಗೆ ಒಂದೇ ರೀತಿ ಚಿಮ್ಮಿದರೆ ಸರಿ. ಒಂದು ಒಳಗೆ ಒಂದು ಹೊರಗೆ ಆದರೆ ಬಾಸು ಪರಸ್ಪರ ಜಗಳಾಡಿ ಮಾಯ. ಒಳಗಿನ ಹತ್ತಿಯ ವಿಷಯ ಹೆಚ್ಚು ಹೇಳುವುದಿಲ್ಲ: ಹಳೆಯ ತಲೆದಿಂಬಿನ ಬೂರುಗದ ಹತ್ತಿ ಹಾಕಿದೆ, ತೂತಿಗೆ ಸೊಳ್ಳೆಬಲೆ ಕಟ್ಟಿದೆ, ಕುಂಬಾರ ಹುಳು ಬೇರೆ ಮನೆ ನೋಡಿಕೊಳ್ಳಲಿ.

ಪರೀಕ್ಷೆಗೆ ಏನು ಹಾಕುವುದೆಂಬ ಪ್ರಶ್ನೆ ನಮ್ಮ ಊರಿನಲ್ಲಿ ಏಳಬಾರದು. ನೂರು ವರ್ಷ ದಾಟಿ 2020ರಲ್ಲಿ ತೀರಿಕೊಂಡ ಹಿರಿಯಡ್ಕ ಗೋಪಾಲ ರಾಯರು ಯಕ್ಷಗಾನದ ಏರು ಮದ್ದಳೆಗೆ ಹೆಸರಾದವರು. ಬಲದ ಮೈಯ ಖಣಖಣ ಟ್ವೀಟರಿಗೆ, ಎಡದ ಗುಂಕಾರ ವೂಫರಿಗೆ. ನಡುವೆ ಭಾಗವತರ ಸ್ವರ ಎರಡಕ್ಕೂ ಹಂಚಿ ಬರುವಾಗ ಎಲ್ಲಿಯೂ ಬಿರುಕು ಕಾಣಬಾರದು. ಫ್ಯಾನ್ ಕಂಡೆನ್ಸರು ಈ ಪರೀಕ್ಷೆ ದಾಟಿತು.

ಮಾವನನ್ನು ಕರೆದು ಕೂರಿಸಿದೆ. ಅವರು ಕಣ್ಣು ಮುಚ್ಚಿ ಒಂದು ಪದ್ಯ ಪೂರ್ತಿ ಕೇಳಿದರು. ಅಂಚಿನ ಬಗ್ಗೆ ಕೇಳಲಿಲ್ಲ, ಕಂಡೆನ್ಸರಿನ ಬಗ್ಗೆಯೂ ಇಲ್ಲ.

“ಒಳಗೆ ಯಾವ ವಯರು ಹಾಕಿದ್ದು ನೀನು?”

“ಇಪ್ಪತ್ತಮೂರು ಎಪ್ಪತ್ತಾರು, ಮಾವ.”

“ನನಗೆ ಆಗಲೇ ಗೊತ್ತಾಯ್ತು. ನಲವತ್ತು ಎಪ್ಪತ್ತಾರು ಹಾಕಬೇಕಿತ್ತು.”